ನಮ್ಮ ತಾಲ್ಲೂಕು ಪಕ್ಷಕ್ಕೆ ಅಧ್ಯಕ್ಷರನ್ನು ಆರಿಸಿದ್ದು

ಮೊದಲ ಮಹಾಚುನಾವಣೆಯಲ್ಲಿ ನಮ್ಮ ಪಕ್ಷಕ್ಕೆ ಕೊಳ್ಳೇಗಾಲದಲ್ಲಿ ಠೇವಣಿಯೂ ಉಳಿಯಲಿಲ್ಲ. ಆಗ ನಮ್ಮ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ನಮ್ಮ ಸಭೆಗಳಿಗೆ ಯಳಂದೂರಿನ ಕಡೆಯಿಂದ ಜನ ಬಂದು ಜೋರಾಗಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಅವರಿಗೆ ಇಲ್ಲಿ ಓಟಿರಲಿಲ್ಲ. ಓಟಿದ್ದವರು ಸಭೆಗೆ ಬರುತ್ತಿರಲಿಲ್ಲ. ಫಲಿತಾಂಶ ತಿಳಿದ ವಾರದಲ್ಲೇ ನಮ್ಮ ಅಧ್ಯಕ್ಷರಾಗಿದ್ದ ಮುದಿ ವಕೀಲರು ಕಣ್ಣು ಮಂಜಾಗಿದೆ ಎಂದು ಹೇಳಿ ರಾಜೀನಾಮೆ ಕೊಟ್ಟರು.

ನಾನಾಗ ಮೂವತ್ತರ ಆಸುಪಾಸಿನವನು, ರೇಷ್ಮೆ ಸೀರೆ ನೇಯುವ ಕೂಲಿ ನೇಕಾರ. ನೇಯುತ್ತಿದ್ದದ್ದು ಯಜಮಾನರ ಮನೆಯಲ್ಲಿ. ಮಗ್ಗ, ರೇಷ್ಮೆ, ಜರಿ ಅವರದು, ಕೈಕಾಲು ನಮ್ಮದು. ಪಕ್ಷದ ಆಫೀಸೂ ಅವರ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಮ್ಮದು ಕೂಲಿಕಾರರ, ರೈತರ ಪಕ್ಷ ಎಂದು ಬೋರ್ಡಿನ ಮೇಲೆ ಬರೆದಿತ್ತು. ಯಜಮಾನರು ಕೆಟ್ಟವರಲ್ಲ. ಬ್ರಿಟಿಷರ ಕಾಲದಲ್ಲಿ ಜೈಲು ಕಂಡವರು, ನೂಲು ಸಿಗದ ದಿನಗಳಲ್ಲಿ ನೇಕಾರರಿಗಾಗಿ ಕೊಯಮತ್ತೂರಿನವರೆಗೂ ಅಲೆದವರು. ಖಾಲಿಯಾದ ಜಾಗಕ್ಕೆ ಅವರೇ ಬರುತ್ತಾರೆಂದು ಪೇಟೆಯಲ್ಲಿ ಎಲ್ಲರೂ ತಿಳಿದಿದ್ದೆವು.

ಆದರೆ ಸತ್ತೇಗಾಲದ ಗೇಣಿ ರೈತನೊಬ್ಬ ತಾನೂ ನಿಲ್ಲುತ್ತೇನೆಂದ. ದಪ್ಪ ದನಿಯ, ಒರಟು ಮನುಷ್ಯ. ಬೇರೆಯವರ ಗದ್ದೆಯಲ್ಲಿ ಭತ್ತ ಬೆಳೆದು ಅರ್ಧ ಅಳೆದುಕೊಡುತ್ತಿದ್ದ. ಸತ್ತೇಗಾಲದ ಸುತ್ತಿನ ಸದಸ್ಯರು ಅವನ ಕಡೆ, ಪೇಟೆಯವರು ಯಜಮಾನರ ಕಡೆ. ಎರಡು ಕಡೆಯೂ ಹೆಚ್ಚುಕಡಿಮೆ ಸಮ. ಉಳಿದವರು ಹನೂರಿನಾಚೆ ಕಾಡಂಚಿನ ಹೂಗ್ಯಂನವರು. ಕಾಡಿನಲ್ಲಿ ಮೇಯುತ್ತಿದ್ದ ಅವರ ದನಗಳನ್ನು ಫಾರೆಸ್ಟ್ ಗಾರ್ಡುಗಳು ದೊಡ್ಡಿಗೆ ಹೊಡೆದಾಗ ನಮ್ಮ ವಕೀಲರು ಒಂದು ಅರ್ಜಿ ಬರೆದುಕೊಟ್ಟಿದ್ದರು. ಆ ಉಪಕಾರಕ್ಕೆ ಊರಿಗೆ ಊರೇ ಸದಸ್ಯರಾಗಿತ್ತು. ದನಗಳನ್ನು ದೊಡ್ಡಿಗೆ ಹೊಡೆಯುವುದು ಮಾತ್ರ ನಿಂತಿರಲಿಲ್ಲ.

"ನಿಮ್ಮಮ್ಮನ ಕಡೆಯಿಂದ ನಿನಗೆ ತಮಿಳು ಬರುತ್ತೆ. ಅಲ್ಲಿ ಎರಡೂ ಮಾತು ಆಡ್ತಾರೆ. ನೀನೇ ಹೋಗಿ ಮಾತಾಡ್ಕಂಡು ಬಾ," ಅಂದರು ಯಜಮಾನರು.

ಹನೂರಿನವರೆಗೆ ಬಸ್ಸು, ಆಮೇಲೆ ಸಿಕ್ಕಿದ ಗಾಡಿ, ಕೊನೆಗೆ ನಡಿಗೆ. ಹೂಗ್ಯಂನಲ್ಲಿ ಯಾರನ್ನು ಕೇಳಿದರೂ ಒಬ್ಬ ಹೆಂಗಸಿನ ಮನೆ ತೋರಿಸಿದರು. ಗಂಡ ಇಲ್ಲ, ಐವತ್ತು ದಾಟಿದ ವಯಸ್ಸು. ದನ ದೊಡ್ಡಿಗೆ ಹೋದಾಗಲೆಲ್ಲ ಊರಿನ ಪರವಾಗಿ ಹೋಗಿ ಗಾರ್ಡುಗಳ ಜೊತೆ ಜಗಳ ಆಡುತ್ತಿದ್ದವಳು ಅವಳೇ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ: ಯಜಮಾನರು ಜೈಲಿಗೆ ಹೋದದ್ದು, ಓದಿದವರು, ದೊಡ್ಡವರ ಪರಿಚಯ ಇರುವವರು.

"ಅವ್ರು ನಿಂಗೇನಾಗ್ಬೇಕಪ್ಪಾ?"

"ಅವರ ಮಗ್ಗದಲ್ಲಿ ನೇಯ್ತೀನಮ್ಮಾ."

"ಕೂಲಿಗೋ?"

"ಕೂಲಿಗೆ."

"ನೀನೂ ಕೂಲಿಯೋನು, ಪಕ್ಸವೂ ಕೂಲಿಯೋರ್ದು. ಕೂಲಿ ಸಾಲ್ದು ಅಂತ ಪಕ್ಸದಲ್ಲಿ ಯಾವತ್ತಾರೂ ಏಳಿದ್ದೀಯಾ?"

ಇಲ್ಲ ಅಂದೆ. ಅವಳು ನಗಲಿಲ್ಲ, ಕೆಣಕಲೂ ಇಲ್ಲ. ಕಾಯಿ ಸುಲಿಯುವುದನ್ನು ಬಿಟ್ಟು, "ಅಂಗಾದ್ರೆ ಈಗ ನೀನು ಬಂದಿರಾದು ಯಾರ ಕಡೆಯಿಂದ? ನಿನ್ ಕಡೆಯಿಂದ್ಲೋ, ಅವ್ರ ಕಡೆಯಿಂದ್ಲೋ?" ಎಂದು ಕೇಳಿದಳು. ನಿಜವಾಗಿ ತಿಳಿಯಬೇಕೆಂದೇ ಕೇಳಿದ ಪ್ರಶ್ನೆ ಅದು. ಅವರ ಕಡೆಯಿಂದ ಅಂದೆ. ಊಟ ಮಾಡಿಕೊಂಡು ಹೋಗೆಂದು ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಅಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ಊರಿನವರು ಯಾರ ಪರ ಕೈ ಎತ್ತುತ್ತಾರೆಂದು ಮಾತ್ರ ಹೇಳಲಿಲ್ಲ.

ವಾಪಸು ಬಂದವನು ಎರಡು ದಿನ ಮಗ್ಗದ ಕುಳಿಯಲ್ಲಿ ಕಾಲಾಡಿಸುತ್ತ ಅದನ್ನೇ ಯೋಚಿಸಿದೆ. ಸಭೆಯ ಹಿಂದಿನ ದಿನ ಯಜಮಾನರು ಸೀರೆಯ ಅಂಚು ನೋಡಲು ಬಂದಾಗ ಹೇಳಿಬಿಟ್ಟೆ.

"ಯಜಮಾನ್ರೇ, ನಾಳೆ ನಾನು ನಿಮಗೆ ಕೈ ಎತ್ತಕ್ಕಾಗಲ್ಲ."

ಅವರು ಅಂಚಿನ ಮೇಲಿದ್ದ ಬೆರಳನ್ನು ತೆಗೆಯಲಿಲ್ಲ. "ಯಾರಾದರೂ ಏನಾದರೂ ಅಂದರಾ?"

"ಇಲ್ಲ. ನಿಮ್ಮ ಮೇಲೆ ಕೋಪವೂ ಇಲ್ಲ. ಕೂಲಿ ಕೊಡೋರೂ ನೀವೇ, ಕೂಲಿಯವರ ಪರ ಮಾತಾಡೋರೂ ನೀವೇ ಆದರೆ ನಾವು ಯಾರ ಹತ್ರ ಹೋಗೋದು ಅನ್ನಿಸ್ತು."

ಅವರು ಬೆರಳನ್ನು ಅಂಚಿನ ಮೇಲೆ ಮುಂದೆ ಸರಿಸಿದರು. ಆಮೇಲೆ, "ಇಲ್ಲಿ ಜರಿ ಒಂದೆಳೆ ಸಡಿಲ ಆಗಿದೆ, ನೋಡ್ಕೊ," ಎಂದು ಹೇಳಿ ಒಳಗೆ ಹೋದರು. ನಾನು ಆ ಎಳೆ ಬಿಗಿದು ಎದ್ದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ, "ಬೇರೆ ಮಗ್ಗ ನೋಡ್ಕಂಡು ಆಮೇಲೆ ಹೇಳೋದಲ್ವಾ?" ಅಂದಳು. ಅವಳು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

ಸಭೆ ಸೇರಿದ್ದು ನೇಕಾರರ ಬೀದಿಯ ಭಜನೆಮನೆಯಲ್ಲಿ, ಮಧ್ಯಾಹ್ನ. ಚುನಾವಣೆ ನಡೆಸಲು ಕೊಯಮತ್ತೂರಿನಿಂದ ಜಿಲ್ಲಾ ಮುಖಂಡರೊಬ್ಬರು ಬಂದಿದ್ದರು. ಅವರು ತಮಿಳಿನಲ್ಲಿ ದೇಶದ ಸ್ಥಿತಿ, ಜಗತ್ತಿನ ಸ್ಥಿತಿ ವಿವರಿಸುತ್ತ ಹೋದರು. ಪೇಟೆಯ ನೇಕಾರರು ತಲೆಯಾಡಿಸಿದರು. ಸತ್ತೇಗಾಲದವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಹೂಗ್ಯಂನ ಹೆಂಗಸು ತನ್ನ ಊರಿನವರ ನಡುವಿನಿಂದ ಎದ್ದು ಬಂದು ಸತ್ತೇಗಾಲದವರ ಪಕ್ಕ ಕೂತು, ಮುಖಂಡರ ಮಾತನ್ನು ಮೆಲ್ಲಗೆ ಕನ್ನಡದಲ್ಲಿ ಹೇಳತೊಡಗಿದಳು. ಮುಖಂಡರು ಗದ್ದಲವೆಂದು ತಿಳಿದು ಎರಡು ಸಲ ಮಾತು ನಿಲ್ಲಿಸಿದರು.

ಕೈ ಎತ್ತಿಸುವ ಮುಂಚೆ ಅವಳು ಎದ್ದು ನಿಂತಳು. "ನಾವೊಂದು ಕೇಳಬೇಕು, ಸಾ. ಬರೋ ತಿಂಗಳು ಸಂತೆ ಮಾರನೇ ದಿವ್ಸ ರೇಂಜರ್ ಸಾಹೇಬ್ರು ನಮ್ಮೂರ್ಗೆ ಬತ್ತಾರೆ. ಅವತ್ತು ನಿಮ್ಮಿಬ್ಬರಲ್ಲಿ ಯಾರು ಬಂದು ನಮ್ಮ ಜೊತೇಲಿ ನಿಂತ್ಕತೀರಿ?"

ಯಜಮಾನರು ಸಮಾಧಾನವಾಗಿ, ನಿಂತರೆ ಪ್ರಯೋಜನವಿಲ್ಲ, ಮೇಲಿನವರಿಗೆ ಸರಿಯಾದ ಅರ್ಜಿ ಕೊಡಬೇಕು, ತಾವೇ ಕೊಯಮತ್ತೂರಿಗೆ ಹೋಗಿ ಕೊಡುವುದಾಗಿ ಹೇಳಿದರು. ಹಾಗೆಂದ ಮೇಲೆ ಹೋಗಿಯೇ ಹೋಗುವವರು ಅವರು, ನನಗದು ಗೊತ್ತಿತ್ತು.

ಸತ್ತೇಗಾಲದವನು, "ಅವತ್ತು ನಾಟಿ ಇಲ್ದಿದ್ರೆ ಬತ್ತೀನಿ," ಅಂದ.

"ನಾಟಿ ಇದ್ರೆ?"

ಅವನು ತಲೆ ಕೆರೆದುಕೊಂಡ. "ನಾಟಿ ಇದ್ರೆ ಹೆಂಡ್ರಿಗೆ ಒಪ್ಪಿಸಿ ಬತ್ತೀನಿ ಕಣವ್ವಾ."

ಭಜನೆಮನೆಯಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೂಗ್ಯಂನವರ ಕೈಗಳು ಅವನ ಪರವಾಗಿ ಮೇಲೆದ್ದವು. ನನ್ನದೂ ಎದ್ದಿತು. ಪೇಟೆಯ ನೇಕಾರರಲ್ಲಿ ನಾನೊಬ್ಬನೇ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಲಿಲ್ಲ. ಯಜಮಾನರು ಗೆದ್ದವನ ಕೈ ಹಿಡಿದು ಅಭಿನಂದಿಸಿ, ಮುಖಂಡರನ್ನು ಊಟಕ್ಕೆ ಕರೆದುಕೊಂಡು ಹೋದರು. ಮಾರನೇ ದಿನ ಹೆದರುತ್ತಲೇ ಕೆಲಸಕ್ಕೆ ಹೋದೆ. ಮಗ್ಗ ಇದ್ದ ಹಾಗೇ ಇತ್ತು. ಆಫೀಸಿನ ಬೆಂಚು, ಬೋರ್ಡು ಮಾತ್ರ ಹೊರಗೆ ಜಗಲಿಯ ಮೇಲಿದ್ದವು. ಎತ್ತಿನ ಗಾಡಿಯಲ್ಲಿ ಅವು ಸತ್ತೇಗಾಲಕ್ಕೆ ಹೋದವು.

ಹೊಸ ಅಧ್ಯಕ್ಷ ಹೇಳಿದಂತೆ ಹೂಗ್ಯಂಗೆ ಹೋದ, ನನ್ನನ್ನೂ ಜೊತೆಗೆ ಕರೆದೊಯ್ದ. ಅಂದು ಬೆಳಿಗ್ಗೆಯೇ ಗಾರ್ಡುಗಳು ದನಗಳನ್ನು ದೊಡ್ಡಿಗೆ ಕೂಡಿದ್ದರು. ರೇಂಜರ್, "ಯಾರಯ್ಯ ನೀನು?" ಎಂದರು. ತಾಲ್ಲೂಕು ಅಧ್ಯಕ್ಷ ಎಂದ. "ಯಾವ ಪಕ್ಷ?" ಹೇಳಿದ. "ಹಾಗೊಂದು ಇದೆಯಾ?" ಎಂದರು. ಅವನು ದೊಡ್ಡಿಯ ಬಾಗಿಲಲ್ಲಿ ಕೂತುಬಿಟ್ಟ. ಅವನ ಹಿಂದೆ ಆ ಹೆಂಗಸು ಕೂತಳು, ಅವಳ ಹಿಂದೆ ಊರು. ಒಳಗೆ ಬಾಯಾರಿದ ದನಗಳು ಅರಚುತ್ತಿದ್ದವು. ಸಂಜೆಯಾಗುವಷ್ಟರಲ್ಲಿ ರೇಂಜರೇ ಬೇಸತ್ತು ದನಗಳನ್ನು ಬಿಡಿಸಿದರು. ಹಳ್ಳದವರೆಗೆ ಮೇಯಿಸಿಕೊಳ್ಳಿ, ಆಚೆ ದಾಟಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದರು. ಆ ಮಾತು ಆ ರೇಂಜರಿಗೆ ವರ್ಗವಾಗುವವರೆಗೆ ನಡೆಯಿತು.

ಸತ್ತೇಗಾಲದಲ್ಲಿ ಹೊಸ ಅಧ್ಯಕ್ಷನ ಮನೆಯ ಜಗಲಿಯಲ್ಲಿ ಸೇರಿದ ಮೊದಲ ಸಭೆಯಲ್ಲೇ ಕೂಲಿ ನೇಕಾರರ ಕೂಲಿ ಏರಬೇಕೆಂದು ನಿರ್ಣಯವಾಯಿತು. ತಿಳಿಸುವ ಕೆಲಸ ನನಗೇ ಬಂತು. ಯಜಮಾನರು ಪೂರ್ತಿ ಕೇಳಿ, "ಇಷ್ಟು ವರ್ಷ ಯಾಕೆ ಕೇಳಲಿಲ್ಲ ನೀವು?" ಅಂದರು.

"ಆಫೀಸು ನಿಮ್ಮ ಮನೇಲಿತ್ತಲ್ಲ."

ಅವರಿಗೆ ನೋವಾಯಿತು, ಮುಖದಲ್ಲೇ ಕಂಡಿತು. ನಾವು ಕೇಳಿದ ಅರ್ಧದಷ್ಟನ್ನು ದೀಪಾವಳಿಯಿಂದ ಏರಿಸಿದರು. ಮರುವರ್ಷ ಅವರು ಆಳುವ ಪಕ್ಷ ಸೇರಿದರು. ಏರಿದ ಕೂಲಿ ತೆಗೆದುಕೊಂಡ ನೇಕಾರರೂ ಅವರ ಹಿಂದೆ ಹೋದರು. ಅದರಲ್ಲಿ ಆಶ್ಚರ್ಯವೇನಿಲ್ಲ, ನೂಲು ತರಿಸಿಕೊಡುವ ಶಕ್ತಿ ಅವರಿಗಿತ್ತು, ನಮಗಿರಲಿಲ್ಲ. ಪೇಟೆಯಲ್ಲಿ ನಮ್ಮ ಪಕ್ಷವೆಂದರೆ ನಾನು ಮತ್ತು ನೂಲಿಗೆ ಬಣ್ಣ ಹಾಕುವವನೊಬ್ಬ ಎನ್ನುವ ಹಾಗಾಯಿತು.

ಗಡಿ ಬದಲಾಗುತ್ತದೆ, ತಾಲ್ಲೂಕು ಮೈಸೂರಿಗೆ ಹೋಗುತ್ತದೆ ಎಂಬ ಮಾತು ಬಲವಾದಾಗ ಕೊಯಮತ್ತೂರಿನ ಮುಖಂಡರು ನಮ್ಮ ಕಡೆ ಬರುವುದನ್ನು ನಿಲ್ಲಿಸಿದರು. ಮೈಸೂರಿನ ಮುಖಂಡರು ಇನ್ನೂ ನಮ್ಮನ್ನು ತಮ್ಮವರೆಂದು ಎಣಿಸಿರಲಿಲ್ಲ. ಆ ನಡುವಿನ ದಿನಗಳಲ್ಲಿ ಸತ್ತೇಗಾಲದಲ್ಲಿ ಗೇಣಿದಾರನೊಬ್ಬನನ್ನು ಜಮೀನಿನ ಒಡೆಯರು ಗದ್ದೆಯಿಂದ ಎಬ್ಬಿಸಿದರು. ಅಧ್ಯಕ್ಷ ಯಾರನ್ನೂ ಕೇಳಲು ಹೋಗದೆ ಹೂಗ್ಯಂಗೆ ಹೇಳಿಕಳಿಸಿದ. ಆ ಹೆಂಗಸು ಒಂದು ಗಾಡಿ ಜನರೊಂದಿಗೆ ಬಂದಳು. ಅವಳಿಗೆ ಗದ್ದೆಯ ಕೆಲಸ ಬರುತ್ತಿರಲಿಲ್ಲ. ಆದರೂ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು, ಆ ಗೇಣಿದಾರನ ಪರವಾಗಿ ಅದೇ ಗದ್ದೆಯಲ್ಲಿ ಎಲ್ಲರ ಜೊತೆ ನಾಟಿ ಹಾಕಿದಳು.