ಐದು ಬುಟ್ಟಿ, ಐದು ಸೀಟು

ಎಂಜಿನ್ ಸೀಜ್ ಆಗಬಹುದು. ಬ್ರೇಕು ಇಳಿಜಾರಿನಲ್ಲಿ ಕೈಕೊಡಬಹುದು. ಕಾಗದ ಒಬ್ಬನ ಹೆಸರಿಗೆ, ಗಾಡಿ ಇನ್ನೊಬ್ಬನದು ಇರಬಹುದು. ಅಪಘಾತವಾದದ್ದನ್ನು ಬಣ್ಣ ಬಳಿದು ಮುಚ್ಚಿರಬಹುದು. ಸೀಟಿನೊಳಗೆ ಇಲಿ ಇರಬಹುದು. ನಡುಹಾದಿಯಲ್ಲಿ ನಿಂತು ಹಣ್ಣೆಲ್ಲ ಕೊಳೆಯಬಹುದು. ಮಂದಿ ನಗಬಹುದು.

ಮೊನ್ನೆ ಹಳೆಯ ಅಂಗಿಯ ಜೇಬಿನಲ್ಲಿ ಈ ಚೀಟಿ ಸಿಕ್ಕಿತು. ಅಕ್ಷರ ನನ್ನದೇ, ಅಂಚಿಗೆ ಬಾಳೆಯ ಕಲೆ. ‘ಬ್ರೇಕು’ ಎಂಬುದರ ಕೆಳಗೆ ಒಂದು ಗೆರೆ, ‘ಮಂದಿ ನಗಬಹುದು’ ಎಂಬುದರ ಕೆಳಗೆ ಎರಡು. ಇಷ್ಟರಲ್ಲೇ ನಾನು ಎಂಥವನೆಂದು ನಿಮಗೆ ಗೊತ್ತಾಗಿರಬೇಕು.

ನನ್ನ ಹೆಂಡತಿ ಕಾಶಮ್ಮ ಕಮಲಾಪುರದ ಕೆಂಪು ಬಾಳೆಯನ್ನು ಕಲಬುರಗಿಯ ರೋಜಾ ಬಡಾವಣೆಯ ಸಂತೆಯಲ್ಲಿ ಮಾರುತ್ತಾಳೆ. ಜೊತೆಗೆ ನಮ್ಮ ಓಣಿಯ ನಾಲ್ವರು ಹೆಂಗಸರು. ಹಣ್ಣಾದ ಕೆಂಪು ಬಾಳೆಯ ಸ್ವಭಾವ ನನ್ನದೇ. ಸ್ವಲ್ಪ ಒತ್ತಿದರೆ ಕಪ್ಪಗಾಗುತ್ತದೆ. ಬುಟ್ಟಿಯ ಮೇಲೆ ಬುಟ್ಟಿ ಇಡುವಂತಿಲ್ಲ. ಐದು ಬುಟ್ಟಿಗೆ ಐದು ಬುಟ್ಟಿಯಷ್ಟೇ ನೆಲ ಬೇಕು. ಇದನ್ನು ಬಸ್ಸಿನ ಕಂಡಕ್ಟರನಿಗೆ ತಿಳಿಸುವುದು ಹೇಗೆ? ಒಂದು ಬೆಳಿಗ್ಗೆ ಅವನು ಬುಟ್ಟಿಗಳನ್ನೆಲ್ಲ ರಸ್ತೆಗಿಳಿಸಿ ಸೀಟಿ ಊದಿದ. ಹೆಂಗಸರೂ ಇಳಿದರು. ಜಗತ್ ಸರ್ಕಲ್ ಹತ್ತಿರದ ನನ್ನ ಕಚೇರಿಗೆ ಹೋಗಲು ನಾನೂ ಅದೇ ಬಸ್ಸಿನಲ್ಲಿ ಕೂತಿದ್ದೆ. ಕಿಟಕಿಯಿಂದ ನೋಡಿದೆ. ಇಳಿಯಲಿಲ್ಲ. ಹಾಜರಿ ತಪ್ಪುತ್ತದೆಂಬ ಚಿಂತೆ.

ಆ ದಿನದ ಹಣ್ಣು ದನದ ಪಾಲಾಯಿತು. ಸಂಜೆ ಕಾಶಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಇನ್ನ ಆ ಬಸ್ಸಿಗಿ ಬುಟ್ಟಿ ಒಯ್ಯಂಗಿಲ್ರೀ ನಾ. ಹಳೀದರ ಇರ್ಲಿ, ನಮ್ದೇ ಒಂದು ಗಾಡಿ ತರೋಣು."

"ಹೊಡಿಯೋರು ಯಾರು?"

"ನಮ್ಮಪ್ಪನ ಟ್ರ್ಯಾಕ್ಟರ್ ಹೊಡದಾಕಿ ನಾ. ಲೈಸೆನ್ಸ್ ತಗೋತೀನಿ. ಸೈಕಲ್ ಮ್ಯಾಲಿಂದ ಬಿದ್ದೋರು ನೀವು."

ಆ ರಾತ್ರಿ ನಾನು ಬರೆದದ್ದೇ ಆ ಚೀಟಿ. ಲೈಸೆನ್ಸ್ ಬಂತು. ಸುದ್ದಿ ನಮ್ಮ ಕಾಕಾನ ಕಿವಿಗೂ ಮುಟ್ಟಿತು. "ಮಂದಿ ಬಿಟ್ಟ ಗಾಡಿ. ಅದನ್ನ ಮನಿ ಸೊಸಿ ಹೊಡೀತಾಳಂತ. ಊರಾಗ ನಾ ಹ್ಯಾಂಗ ತಿರುಗಾಡ್ಲಿ?" ಎಂದರು.

"ಕಾಲ್ಲೆ ತಿರುಗಾಡ್ರಿ ಕಾಕಾ," ಎಂದಳು ಕಾಶಮ್ಮ. "ದಣಿವಾದ್ರ ಕೈ ಮಾಡ್ರಿ, ನಿಂದರಸ್ತೀನಿ."

ಹಳೆಯ ಗಾಡಿ ಮಾರುವ ಚಾಚಾನ ಅಂಗಳ ರೋಜಾದ ಹಿಂದೆ. ಎಲ್ಲರೂ ಮೆಕ್ಯಾನಿಕನನ್ನು ಕರೆದೊಯ್ದರೆ ಕಾಶಮ್ಮ ಟೆಂಪೊ ಮಾಡಿಕೊಂಡು ಐದು ತುಂಬಿದ ಬುಟ್ಟಿ, ನಾಲ್ವರು ಹೆಂಗಸರನ್ನು ಒಯ್ದಿದ್ದಳು. ಚಾಚಾ ಒಂದು ವ್ಯಾನಿನ ಬಾನೆಟ್ ಎತ್ತಿದ.

"ಎಂಜಿನ್ ನೋಡ್ರಿ ಬಾಯಿ, ಏಕ್‌ದಂ ಮಸ್ತ್ ಐತಿ."

"ಎಂಜಿನ್ ಇವ್ರು ನೋಡ್ತಾರ ಚಾಚಾ. ನಾ ಜಾಗ ನೋಡ್ತೀನಿ."

ಎಂಜಿನ್ನಿನ ಗಂಧಗಾಳಿ ಇಲ್ಲದ ನಾನು ಅದರೊಳಗೆ ಇಣುಕಿ ಗಂಭೀರವಾಗಿ ತಲೆಯಾಡಿಸಿದೆ. ಅವಳು ಹಿಂದಿನ ಸೀಟು ಬಿಚ್ಚಿಸಿ ಬುಟ್ಟಿ ಇಡಿಸಿದಳು. ನಡುವೆ ಮೂವರು, ಮುಂದೆ ಒಬ್ಬಳು, ಸ್ಟೇರಿಂಗ್ ಹಿಡಿದು ತಾನು. ಹೊರಗೆ ನಿಂತು ಎಣಿಸುವ ಕೆಲಸ ನನ್ನದು. ಐದು ಬುಟ್ಟಿ, ಐದು ಮಂದಿ, ಬಾಗಿಲೂ ಮುಚ್ಚಿತು. "ಬರೋಬ್ಬರಿ ಅದ," ಎಂದೆ. ಅವಳು ಅಂಗಳದಲ್ಲಿ ಮೂರು ಸುತ್ತು ಹೊಡೆದಳು. ಎರಡನೆಯ ಸುತ್ತಿಗೆ ಚಾಚಾ ಮೆಟ್ಟಿಲು ಹತ್ತಿ ನಿಂತಿದ್ದ. ವ್ಯಾನು ನಮ್ಮದಾಯಿತು.

ಮೊದಲ ದಿನ ಗಾಲಿಯಡಿ ನಿಂಬೆಹಣ್ಣು ಇಟ್ಟದ್ದಾಯಿತು. ಕಾಕಾ ಕಟ್ಟೆಯ ಮೇಲಿಂದ ಬೇರೆ ಕಡೆ ನೋಡುತ್ತಿದ್ದರು. ನಾನು ಊಟದ ಡಬ್ಬಿ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದೆ.

"ನಾ ಎಲ್ಲಿ ಕೂಡ್ಲಿ?"

ಐವರೂ ನನ್ನನ್ನು ನೋಡಿದರು, ಆಮೇಲೆ ಬುಟ್ಟಿಗಳನ್ನು. "ಅಣ್ಣಾರ, ಬುಟ್ಟಿ ಮ್ಯಾಲ ಏನೂ ಇಡಂಗಿಲ್ಲ," ಎಂದಳು ಮುಂದೆ ಕೂತವಳು.

"ಎಣಿಸಿದೋರು ನೀವಾ ಅಲ್ರೀ?" ಎಂದಳು ಕಾಶಮ್ಮ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಹೋಯಿತು.

ಅಂದಿನಿಂದ ನಾನು ಮತ್ತೆ ಬಸ್ಸಿನವನು. ನಿನ್ನೆ ಅದೇ ಕಂಡಕ್ಟರ್ ಒಬ್ಬ ಮುದುಕಿಯ ಸೊಪ್ಪಿನ ಬುಟ್ಟಿಗೆ ಕೈ ಹಾಕಿದ. ಹಾಜರಿಯ ಚಿಂತೆ ಇತ್ತು, ನಿಜ. ಆದರೂ ಎದ್ದೆ. ಬುಟ್ಟಿ ಎತ್ತಿ ನಾನು ಕೂತಿದ್ದಲ್ಲಿಟ್ಟೆ, ಟಿಕೇಟು ತೋರಿಸಿದೆ.

"ಇದು ನನ್ನ ಸೀಟು. ಅದು ಕೂಡ್ತದ, ನಾ ನಿಂದರ್ತೀನಿ. ಇಳಸೋದಿದ್ರ ಇಬ್ಬರನ್ನೂ ಇಳಸ್ರಿ."

ಅವನು ನನ್ನನ್ನು ನೋಡಿದ, ಬುಟ್ಟಿಯನ್ನು ನೋಡಿದ, ಸೀಟಿ ಊದಿದ. ಬಸ್ಸು ಹೊರಟಿತು. ಮಂದಿ ನಕ್ಕರು, ನಗಲಿ. ಕಲಬುರಗಿಯವರೆಗೆ ಕಂಬ ಹಿಡಿದು ನಿಂತು ಹೋದೆ. ಇಳಿದ ಮೇಲೆ ಆ ಚೀಟಿ ತೆಗೆದು ಎಲ್ಲವನ್ನೂ ಹೊಡೆದುಹಾಕಿ, ಕೆಳಗೆ ಒಂದೇ ಸಾಲು ಬರೆದೆ: ಎರಡು ಗಾಡಿಯಲ್ಲೂ ನನಗೆ ಸೀಟು ಸಿಗಲಿಲ್ಲ.