ಅವನ ಕೊರಳಲ್ಲಿ ಅವಳ ತಾಳಿ

“ಬಾಯಾಗ ಪೈಪೇ ಹಾಕ್ರಿ ಸಿಸ್ಟರ್, ಸೂಜಿಗಾದ್ರ ತಾಳಿ ತೆಗೀಬೇಕಂತ,” ಎಂದು ಆಕೆ ಸಿ.ಟಿ. ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ, ರಾಯಚೂರು ಕಡೆಯ ಹೆಂಗಸು. ಶ್ವಾಸಕೋಶದ ಗಂಟು ತೀರಾ ಅಂಚಿನಲ್ಲಿತ್ತು. ಬಾಯಿಂದ ಇಳಿಸುವ ಪೈಪು ಅಲ್ಲಿಗೆ ಮುಟ್ಟುವುದು ಕಷ್ಟ, ಸ್ಕ್ಯಾನ್ ನೋಡುತ್ತಾ ಬೆನ್ನಿಗೆ ಸೂಜಿ ಹಾಕಿಯೇ ಪರೀಕ್ಷೆಗೆ ಚೂರು ತೆಗೆಯಬೇಕು ಎಂದಿದ್ದರು ಡಾಕ್ಟರು. ಸ್ಕ್ಯಾನ್ ಮಾಡುವಾಗ ಕೊರಳಲ್ಲಿ ಲೋಹವಿರಬಾರದೆಂದು ನರ್ಸ್ ಆದ ನಾನೂ ಹೇಳಿ ಸೋತೆ.

ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಬಂದಿದ್ದ ಗಂಡ ಅವಳೆದುರು ತಲೆ ಬಗ್ಗಿಸಿದ. “ನನ್ನ ಕೊರಳಾಗ ಹಾಕು. ನೀ ಹೊರಗ ಬರೂತನಕ ನಾ ಕಟ್ಕೊಂಡಿರ್ತೀನಿ.”

ಆಕೆ ಅಳುತ್ತಲೇ ನಕ್ಕು, ತಾಳಿ ತೆಗೆದು ಅವನಿಗೆ ಹಾಕಿ, ಒಳಗೆ ನಡೆದಳು. ಹೊರಗೆ ಕೂತವರೆಲ್ಲ ನೋಡುತ್ತಿದ್ದರೂ ಆತ ತಾಳಿಯನ್ನು ಅಂಗಿಯೊಳಗೆ ಮುಚ್ಚಿಕೊಳ್ಳಲಿಲ್ಲ.

ಈಗ ಯಾರಿಗೂ ‘ತಾಳಿ ತೆಗೀರಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ. “ಯಾರ ಕೊರಳಿಗೆ ಹಾಕ್ತೀರಮ್ಮ?” ಎಂದು ಕೇಳುತ್ತೇನೆ.