ಯಜಮಾನರಿಗಿಂತ ಒಂದೆಳೆ ಚಿಕ್ಕದು

ಜಪಾನಿನ ಒದಾವಾರಾದ ನಮ್ಮ ಮೀನುಕಡುಬಿನ ಕಾರ್ಖಾನೆಯಲ್ಲಿ ಕಾಬುರಾಗಿ ಅಂತ ಒಬ್ಬರಿದ್ದಾರೆ. ಹಬೆಯಿಂದ ಇಳಿಸಿದ ಕಡುಬನ್ನು ಹೆಬ್ಬೆರಳಲ್ಲಿ ಒತ್ತಿ, ಅದು ಎಷ್ಟು ಪುಟಿಯುತ್ತದೆ ಎಂದು ನೋಡುವುದು ಅವರ ಕೆಲಸ. ಐವತ್ತು ದಾಟಿದ ಮನುಷ್ಯ. ಕಡಲ ಪಕ್ಕದಲ್ಲೇ ಹುಟ್ಟಿದರೂ ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ. ಅಂಥವರಿಗೆ ಇದ್ದದ್ದು ಒಂದೇ ಆಸೆ: ಮುಳುಗುಗಾರರು ಕಟ್ಟುವಂಥ ಕೈಗಡಿಯಾರ. ಅದೂ ಹಳೇ ಕಾಲದ ಮಾದರಿಯದು, ಕಪ್ಪು ಮುಖ, ಸುತ್ತಲೂ ತಿರುಗುವ ಬಳೆ. ಚಿಕ್ಕವರಿದ್ದಾಗ ಬಂದರಿನಲ್ಲಿ ದೋಣಿಯ ತಳ ಕೆರೆಯುತ್ತಿದ್ದವನೊಬ್ಬ ನೀರಿನಿಂದೆದ್ದು ಬಂದು, ಅಂಥ ಗಡಿಯಾರವನ್ನು ಗತ್ತಿನಿಂದ ನೋಡಿ, "ಊಟದ ಹೊತ್ತಾಯ್ತು" ಅಂದಿದ್ದನಂತೆ. ಆ ಗತ್ತು ಇವರ ಕಣ್ಣಲ್ಲಿ ಕೂತುಬಿಟ್ಟಿತ್ತು.

ಈಗ ಆ ಹಳೇ ಮಾದರಿ ಹೊಸದಾಗಿ ಅಂಗಡಿಗೆ ಬಂದಿದೆ. ಅಗಲ ಮೂರು ಬಗೆ: ಮೂವತ್ನಾಲ್ಕು, ಮೂವತ್ತೇಳು, ನಲವತ್ತು ಮಿಲಿಮೀಟರು. ಇದರಲ್ಲಿ ಕಷ್ಟವೇನು ಎನ್ನುವವರು ನಮ್ಮ ಕಚೇರಿಯಲ್ಲಿ ದುಡಿದವರಲ್ಲ.

ಒಂದು ಮಧ್ಯಾಹ್ನ ಊಟದ ಕೋಣೆಗೆ ಹೋದರೆ, ಕಾಬುರಾಗಿ ಮೂರು ಗಾತ್ರದ ಕಡುಬಿನ ಉರುಳೆಗಳಿಂದ ಬಿಲ್ಲೆ ಕೊಯ್ದು ಒಂದೊಂದಾಗಿ ಮಣಿಕಟ್ಟಿನ ಮೇಲಿಟ್ಟು ನೋಡುತ್ತಿದ್ದಾರೆ.

"ಕಾಬುರಾಗಿ-ಸಾನ್, ಬಟ್ಟಲು ಅಲ್ಲಿದೆ. ಕೈ ಮೇಲ್ಯಾಕೆ ಬಡಿಸ್ಕೊಂಡಿದೀರಿ?" ಅಂದೆ.

"ತಮಾಷೆ ಬಿಡೋ. ಯಾವುದು ಒಪ್ಪುತ್ತೆ ಹೇಳು."

ಅವರ ಮಣಿಕಟ್ಟೋ, ಒಣಗಿದ ಮೂಲಂಗಿ. ನಲವತ್ತರ ಬಿಲ್ಲೆ ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ಎರಡೂ ಕಡೆ ಚಾಚಿತ್ತು. ಮೂವತ್ನಾಲ್ಕರದು ಸಿಡುಬಿನ ಚುಚ್ಚುಮದ್ದಿನ ಗುರುತಿನಂತಿತ್ತು. ಮೂವತ್ತೇಳು ಮಾತ್ರ ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತು.

"ಇದೇ! ಹೇಳಿ ಮಾಡಿಸಿದ ಹಾಗಿದೆ."

ಅವರ ಮುಖ ಬಾಡಿತು. "ಬುಚೋದೂ ಅದೇ ಅಳತೆ ಕಣೋ."

ಬುಚೋ ಅಂದರೆ ನಮ್ಮ ವಿಭಾಗದ ಯಜಮಾನರು, ನಿರಾಸಾವಾ. ನಮ್ಮಲ್ಲಿ ಬಿಯರ್ ಲೋಟ ತಾಗಿಸುವಾಗಲೂ ಕಿರಿಯರ ಲೋಟದ ಅಂಚು ಹಿರಿಯರದಕ್ಕಿಂತ ಬೆರಳಷ್ಟು ಕೆಳಗಿರಬೇಕು. ಹೀಗೆ ಇಳಿಸುತ್ತ ಇಳಿಸುತ್ತ ಇಬ್ಬರು ವಿನಯವಂತರು ಮೇಜಿನ ಕೆಳಗೇ ಕುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲೋಟಕ್ಕೆ ಇರುವ ಮರ್ಯಾದೆ ಗಡಿಯಾರಕ್ಕೆ ಬೇಡವೇ? ಯಜಮಾನರಿಗಿಂತ ದೊಡ್ಡದು ಕಟ್ಟಿದರೆ ಉದ್ಧಟತನ, ಸಮಕ್ಕೆ ಕಟ್ಟಿದರೆ ಸಲಿಗೆ. ಉಳಿದದ್ದು ಮೂವತ್ನಾಲ್ಕು. ಅಂಗಡಿಯಲ್ಲಿ ಅದನ್ನು ಕಟ್ಟಿ ತೋರಿಸಿದರೆ ಹೆಂಡತಿ ಫುಮಿಯೆ, "ರೀ, ನಮ್ಮಮ್ಮನ ಗಡಿಯಾರ ನಿಮಗ್ಯಾಕೆ?" ಅಂದರು.

"ಬುಚೋ ಏನಂತಾರೋ ಅಂತ..."

"ಅವ್ರು ನಿಮ್ಮ ಮಣಿಕಟ್ಟಿಗೂ ಸೇರಿಸಿ ಸಂಬಳ ಕೊಡ್ತಾರಾ?"

ಕೊನೆಗೆ ಕಾಬುರಾಗಿ ಮೂವತ್ತೇಳನ್ನೇ ಕೊಂಡರು. ಆದರೆ ಕಚೇರಿಗೆ ಕಟ್ಟಿಕೊಂಡು ಬರಲಿಲ್ಲ. ವಸಂತದಲ್ಲಿ ನಿರಾಸಾವಾ ನಿವೃತ್ತರಾಗುವವರೆಗೆ ಕಾಯುವುದೆಂದು ತೀರ್ಮಾನಿಸಿದರು. ಅಲ್ಲಿಯವರೆಗೆ ಗಡಿಯಾರಕ್ಕೆ ಸ್ನಾನದ ತೊಟ್ಟಿಯೇ ಕಡಲು. ಇನ್ನೂರು ಮೀಟರು ಆಳ ತಾಳುವ ಗಡಿಯಾರವನ್ನು ಇವರು ಮೊಣಕಾಲು ಗದ್ದಕ್ಕೆ ಸೇರಿಸಿ ಕೂತು, ಮೊಳ ನೀರಿನಲ್ಲಿ ಮುಳುಗಿಸಿ, ಬಳೆ ತಿರುಗಿಸಿ ಹೊತ್ತು ನೋಡುತ್ತಿದ್ದರು.

"ತಳ ಮುಟ್ಟಿದ್ರಾ?" ಹೊರಗಿನಿಂದ ಫುಮಿಯೆ. "ಮುಟ್ಟಿದ್ರೆ ಮೇಲಕ್ಕೆ ಬನ್ನಿ. ನೀರು ಆರ್ತಿದೆ, ಅದೇ ನೀರಲ್ಲಿ ನಂದೂ ಸ್ನಾನ ಆಗ್ಬೇಕು."

ವಸಂತ ಬಂತು. ನಿರಾಸಾವಾ ಹೂಗುಚ್ಛ ಹಿಡಿದು ಹೋದರು. ಅವರ ಜಾಗಕ್ಕೆ ಉತ್ಸುಗಿ ಎಂಬ ಹೆಣ್ಣುಮಗಳು ಬಂದರು. ಮೊದಲ ದಿನ ನಮಸ್ಕರಿಸಿ ಕೈಯೆತ್ತಿದಾಗ ನೋಡುತ್ತೇವೆ, ಮೂವತ್ನಾಲ್ಕು! ಕಣಜ ಕಚ್ಚಿದಂತೆ ಇಡೀ ವಿಭಾಗದ ಎಡಗೈಗಳು ಮೇಜಿನಡಿ ಹೋದವು. ಮರುದಿನ ಒಬ್ಬರ ಕೈಯಲ್ಲೂ ಗಡಿಯಾರವಿಲ್ಲ.

ಸ್ವಾಗತದ ಔತಣದಲ್ಲಿ ಉತ್ಸುಗಿ ಕೇಳಿಯೇಬಿಟ್ಟರು: "ಏನ್ರಿ ಇದು, ಎಲ್ರೂ ಸೇರಿ ಗಡಿಯಾರ ಅಡವಿಟ್ರಾ?"

ಎರಡು ಬಟ್ಟಲು ಸಾಕೆ ಮದ್ಯ ಇಳಿಸಿದ್ದ ಕಾಬುರಾಗಿ ಜೇಬಿನಿಂದ ತಮ್ಮದನ್ನು ತೆಗೆದು ತಲೆಬಾಗಿಸಿದರು. "ನಂದು ಸ್ವಲ್ಪ ದೊಡ್ಡದಾಗ್ಬಿಟ್ಟಿದೆ, ಬುಚೋ. ಕ್ಷಮಿಸ್ಬೇಕು."

"ಕಟ್ಕೊಳ್ಳಿ ನೋಡೋಣ... ಎಷ್ಟು ಚೆನ್ನಾಗಿ ಕೂತಿದೆ! ನಾಳೆಯಿಂದ ಕಟ್ಕೊಂಡೇ ಬರ್ಬೇಕು. ಇದು ಅಪ್ಪಣೆ."

ಅಪ್ಪಣೆ ಮೀರುವಂತಿಲ್ಲ, ಮರ್ಯಾದೆ ಮೀರುವಂತಿಲ್ಲ. ಮರುದಿನ ಕಾಬುರಾಗಿ ಕಟ್ಟಿಕೊಂಡೇ ಬಂದರು, ಆದರೆ ಗಡಿಯಾರದ ಮುಖ ಅಂಗೈ ಕಡೆಗೆ! ಹೊರಗೆ ಕಾಣುವುದು ಬರೀ ಕೊಂಡಿ. ವಾರದೊಳಗೆ ಎಲ್ಲರೂ ಹಾಗೇ ಕಟ್ಟಿದರು. ಈಗ ನಮ್ಮಲ್ಲಿ ಯಾರನ್ನಾದರೂ ಗಂಟೆ ಕೇಳಿ ನೋಡಿ, ಕಣಿ ಕೇಳುವವರ ಹಾಗೆ ಅಂಗೈ ಮೇಲೆತ್ತುತ್ತಾರೆ.

ಆದರೆ ಕಾಬುರಾಗಿಯ ಆಸೆ ಅಂಗೈಯಲ್ಲಿ ಮುಚ್ಚಿಡುವಂಥದ್ದಾಗಿರಲಿಲ್ಲ. ಒಂದು ಭಾನುವಾರ ಮನಸ್ಸು ತಡೆಯದೆ ಬಂದರಿಗೆ ಹೋದರು. ಅಲ್ಲಿ ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದವರು ಯಾರು? ಹಳೇ ಯಜಮಾನ ನಿರಾಸಾವಾ. ಅವರ ಕಡ್ಡಿ ಕೈಯಲ್ಲಿ ಬಾಣಲೆಯಂಥ ನಲವತ್ತು!

"ದೊಡ್ಡದು ಅನ್ಸುತ್ತಾ?" ನಿರಾಸಾವಾ ನಾಚಿದರು. "ಮೊದಲಿಂದ್ಲೂ ಇದೇ ಆಸೆ ಕಣಯ್ಯ. ಏನ್ ಮಾಡ್ಲಿ, ನಮ್ಮ ನಿರ್ದೇಶಕರದ್ದು ಮೂವತ್ತೆಂಟು ಇತ್ತು."

ಕಾಬುರಾಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಲವತ್ತರ ಪಕ್ಕ ಮೂವತ್ತೇಳು: ವಿನಯಕ್ಕೆ ಭಂಗವಿಲ್ಲ. ಮೆಲ್ಲನೆ ಗಡಿಯಾರವನ್ನು ಮೇಲ್ಮುಖಕ್ಕೆ ತಿರುಗಿಸಿದರು. ಬಿಸಿಲು ಬಿದ್ದು ಕಪ್ಪು ಮುಖ ಹೊಳೆಯಿತು.

ಈಗ ಪ್ರತಿ ಭಾನುವಾರ ಅವರು ಆ ಕಟ್ಟೆಗೆ ತಪ್ಪದೆ ಹೋಗುತ್ತಾರೆ. ಹಳೇ ಯಜಮಾನರಿಗಿಂತ ಒಂದು ಮೆಟ್ಟಿಲು ಕೆಳಗೆ, ಪಾದವನ್ನು ನೀರಿಗೆ ಬಿಟ್ಟು ಕೂತಿರುತ್ತಾರೆ. ಮಧ್ಯಾಹ್ನವಾದೊಡನೆ ಕೈಯನ್ನು ಉದ್ದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ, ಇಡೀ ಬಂದರಿಗೆ ಕೇಳುವಂತೆ ಹೇಳುತ್ತಾರೆ:

"ಊಟದ ಹೊತ್ತಾಯ್ತು."